ಹದಿನಾಲ್ಕು ವರ್ಷದ ಸಣ್ಣ ಕಾರು ಅಗ್ಗಕ್ಕೆ ಸಿಕ್ಕಿದರೆ ಮೊದಲು ಅದರ ಅಡಿ ನೋಡಿ

ಬಿಳಿ ಬಣ್ಣ, 800 ಸಿಸಿ ಪೆಟ್ರೋಲ್, 2011ರ ಮಾಡೆಲ್, ಕೆಎ-19 ನಂಬರು. ಮೀಟರಿನಲ್ಲಿ 62,000 ಕಿ.ಮೀ. ಬೆಲೆ 1.15 ಲಕ್ಷ. ಆರ್‌ಸಿ ಮುಗಿಯಲು ಏಳು ತಿಂಗಳು ಬಾಕಿ. ತಲಪಾಡಿ ಗಡಿಯ ಆಚೆಯಿಂದ, ಕರ್ನಾಟಕದಿಂದ, ಕಾಸರಗೋಡು ಕಡೆಯ ಬದಿಯಡ್ಕಕ್ಕೆ ಬಂದ ಈ ಕಾರಿನ ಬಗ್ಗೆ ಬ್ರೋಕರ್ ಹೇಳಿದ್ದು ಒಂದೇ ಮಾತು: "ಒಂದು ರೀಟೆಸ್ಟ್ ಮಾಡಿಸಿಬಿಡಿ, ಮತ್ತೆ ಐದು ವರ್ಷ ಕೇಳುವವರಿಲ್ಲ." ರೀಟೆಸ್ಟ್ ಅಂದರೆ ರಿಜಿಸ್ಟ್ರೇಶನ್ ನವೀಕರಣದ ತಪಾಸಣೆ. ಕಾರು ತಪಾಸಣೆಗೆ ಮೂರು ಸಲ ಹೋಯಿತು, ಎರಡು ಸಲ ಹಾಗೇ ವಾಪಸು ಬಂತು. ಒಟ್ಟು ಖರ್ಚು 71,000 ರೂಪಾಯಿ. ಅದರಲ್ಲಿ ಎಂಜಿನ್ನಿಗೆ ಹೋದದ್ದು ಎರಡು ಸಾವಿರವೂ ಇಲ್ಲ. ಎಂಜಿನ್ ಚೆನ್ನಾಗಿಯೇ ಇತ್ತು. ಕೊಳೆತದ್ದು ಅಡಿಭಾಗ.

ಈ ಪ್ರಾಯದ ಕಾರುಗಳೇ ಮಾರಾಟಕ್ಕೆ ಯಾಕೆ ಹೆಚ್ಚು ಬರುತ್ತವೆ ಎಂಬುದು ಮೊದಲು ಗೊತ್ತಿರಬೇಕು. ಹಳದಿ ಬೋರ್ಡಿನ ಟ್ಯಾಕ್ಸಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ತಪಾಸಣೆ ಇದೆ. ಅದರ ಸರ್ಟಿಫಿಕೇಟಿಗೆ ಮಂಗಳೂರಿನಲ್ಲಿ ಎಫ್‌ಸಿ ಅನ್ನುವುದನ್ನೇ ಕಾಸರಗೋಡಿನಲ್ಲಿ ಸಿಎಫ್ ಅನ್ನುತ್ತಾರೆ. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಹಾಗಲ್ಲ. ಹೊಸತರಲ್ಲಿ ಕೊಟ್ಟ ರಿಜಿಸ್ಟ್ರೇಶನ್ 15 ವರ್ಷ ನಡೆಯುತ್ತದೆ, ಅದಾದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಅಂದರೆ ಹದಿನೈದು ವರ್ಷ ಯಾವ ಸರಕಾರಿ ಕಣ್ಣೂ ಆ ಕಾರಿನ ಅಡಿಗೆ ಇಣುಕಿರುವುದಿಲ್ಲ. ಮೊದಲ ನಿಜವಾದ ಪರೀಕ್ಷೆ ಬರುವುದೇ ಮುದಿಪ್ರಾಯದಲ್ಲಿ. ಪಾಸಾಗುವುದಿಲ್ಲ ಎಂದು ಮೆಕ್ಯಾನಿಕ್ ಬಾಯಲ್ಲಿ ಕೇಳಿದ ಮಾಲೀಕರು ಹದಿನಾಲ್ಕನೆಯ ವರ್ಷದಲ್ಲಿ ಮಾರಿಬಿಡುತ್ತಾರೆ. ಎಲ್ಲರೂ ಹಾಗೆ ಅನ್ನಲಾಗದು, ಆದರೆ ಪೇಟೆ ಬೆಲೆಗಿಂತ ಮೂವತ್ತು ಸಾವಿರ ಕಡಿಮೆ ಅಂದಾಗ ಕಾರಣ ಕೇಳಲೇಬೇಕು.

ಈ ಕಾರು ಮೊದಲ ಸಲ ವಾಪಸು ಬಂದದ್ದು ಚಾಸಿಸ್ ನಂಬರಿನ ದೆಸೆಯಿಂದ. ಕಾಸರಗೋಡಿನ ಕೆಎಲ್-14 ನಂಬರು ಪಡೆಯಲು ಕಾರು ತೋರಿಸುವಾಗ ತಗಡಿನಲ್ಲಿ ಕೊರೆದ ಈ ನಂಬರನ್ನು ಇನ್‌ಸ್ಪೆಕ್ಟರ್ ಆರ್‌ಸಿಯ ಜೊತೆ ತಾಳೆ ನೋಡುತ್ತಾರೆ, ಪೆನ್ಸಿಲಿನಿಂದ ತಿಕ್ಕಿ ತೆಗೆದ ಅಚ್ಚು ಕಾಗದದ ಜೊತೆ ಇರಬೇಕು. ಹದಿನೇಳು ಅಕ್ಷರಗಳಲ್ಲಿ ಮೂರು ತುಕ್ಕಿನಲ್ಲಿ ಮುಚ್ಚಿಹೋಗಿದ್ದವು. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಈ ನಂಬರು ಇರುವುದು ಬಾನೆಟ್ ಎತ್ತಿದರೆ ಕಾಣುವ ಹಿಂದಿನ ತಗಡಿನ ಮೇಲೆ, ಗಾಜಿನ ಕೆಳಗೆ. ಕೆಲವದರಲ್ಲಿ ಮುಂದಿನ ಸೀಟಿನ ಅಡಿಯ ನೆಲದಲ್ಲಿ. ವೈಪರ್ ಬುಡದ ಜಾಲರಿಯಲ್ಲಿ ಹಲಸು, ಮಾವಿನ ಎಲೆ ಕೊಳೆತು ನೀರು ಇಳಿಯುವ ತೂತು ಕಟ್ಟಿದರೆ, ಮಳೆನೀರು ನೇರ ಈ ತಗಡಿನ ಮೇಲೆಯೇ ಇಳಿಯುತ್ತದೆ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಇದು ತೀರಾ ಸಾಮಾನ್ಯ.

ಇಲ್ಲಿ ನಡೆದ ದೊಡ್ಡ ತಪ್ಪು: ಯಾರೋ ಅದನ್ನು ಉಪ್ಪುಕಾಗದ ಹಾಕಿ ಉಜ್ಜಿದ್ದರು. ತುಕ್ಕು ಹೋಯಿತು, ಅದರ ಜೊತೆ ಅಕ್ಷರದ ಆಳವೂ ಹೋಯಿತು. ಉಜ್ಜಿದ ಗುರುತು ಕಂಡರೆ ಇನ್‌ಸ್ಪೆಕ್ಟರಿಗೆ ಮೊದಲು ಬರುವುದು ಕಳ್ಳಮಾಲಿನ ಸಂಶಯ. ಮಾಡಬೇಕಾದ್ದು ಇಷ್ಟೇ: ಸೀಮೆಎಣ್ಣೆಯೋ ತುಕ್ಕು ಸಡಿಲಿಸುವ ಸ್ಪ್ರೇಯೋ ಹಾಕಿ ಒಂದು ರಾತ್ರಿ ಬಿಡಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರಸಿ, ಒಣಗಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿ. ಅಚ್ಚು ಬಂದರೆ ಮೇಲಿಂದ ಸ್ವಲ್ಪ ಗ್ರೀಸ್ ಸವರಿಡಿ. ಬಾರದಿದ್ದರೆ ಆರ್‌ಟಿಒ ಕಚೇರಿಯ ಅನುಮತಿ ಪಡೆದೇ ನಂಬರು ಮರುಪಂಚ್ ಮಾಡಿಸಬೇಕು. ವರ್ಕ್‌ಶಾಪಿನಲ್ಲಿ ಕೈಯಿಂದ ಅಕ್ಷರ ಕೊರೆಸಿದರೆ ಅದು ಅಪರಾಧವೇ. ಈ ಅನುಮತಿ, ಕಾಗದದ ಓಡಾಟದಲ್ಲಿ ಎರಡು ತಿಂಗಳು ಹೋಯಿತು. ಕಾರು ಕೊಳ್ಳುವ ಮೊದಲೇ ಒಂದು ಪೆನ್ಸಿಲ್, ಒಂದು ಕಾಗದ ಇದ್ದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಎರಡನೆಯ ಸಲ, ನವೀಕರಣದ ತಪಾಸಣೆಯಲ್ಲಿ, ಸಿಕ್ಕಿಬಿದ್ದದ್ದು ಅಡಿಯ ತುಕ್ಕು ಮತ್ತು ಬ್ರೇಕು. ತುಕ್ಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಂಜೇಶ್ವರದಿಂದ ಕಾಞಂಗಾಡಿನ ತನಕ ಊರುಗಳೆಲ್ಲ ಕಡಲ ಬಗಲಿನವು. ಮಳೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಗಾಳಿಯಲ್ಲಿ ಬರುವ ಉಪ್ಪು ತಗಡಿನ ಮೇಲೆ ಕೂತರೆ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಬಿಸಿಲು ಬಂದರೂ ಸಂದಿಗಳು ಒಣಗುವುದಿಲ್ಲ. ಒಳನಾಡಿನ ಕಾರು ವಾಸಿ ಎಂದು ಸುಳ್ಯ, ಪುತ್ತೂರು ಕಡೆಯಿಂದ ತರುವವರಿದ್ದಾರೆ. ಹೌದು, ಹೆಚ್ಚಿನವು ವಾಸಿಯೇ. ಆದರೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಅಡಿಕೆ ತೋಟದವರ ಕಾರಿನಲ್ಲಿ ಬೋರ್ಡೋ ದ್ರಾವಣಕ್ಕೆ ತರುವ ಮೈಲುತುತ್ತಿನ ಚೀಲ, ಗೊಬ್ಬರದ ಮೂಟೆ ಎಲ್ಲ ಅದೇ ಡಿಕ್ಕಿಯಲ್ಲಿ ಬಂದಿರುತ್ತದೆ. ಒದ್ದೆ ತಗಡಿನ ಮೇಲೆ ತುತ್ತು ಚೆಲ್ಲಿದರೆ ಅದರಲ್ಲಿರುವ ತಾಮ್ರ ಅಲ್ಲೇ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಸ್ಟೆಪ್ನಿ ಇಡುವ ಗುಂಡಿ ಜರಡಿಯಾದ ಕಾರುಗಳಲ್ಲಿ ಹಲವದಕ್ಕೆ ಕಡಲಿನ ಸಂಬಂಧವೇ ಇಲ್ಲ.

ತುಕ್ಕು ಎಲ್ಲ ಕಡೆ ಒಂದೇ ಅಲ್ಲ. ಬಾಗಿಲಿನ ಅಂಚಿನಲ್ಲಿ, ಮಡ್ಗಾರ್ಡಿನಲ್ಲಿ ಬಂದದ್ದು ಕಣ್ಣಿಗೆ ಕೆಟ್ಟದಾಗಿ ಕಂಡರೂ ಟಿಂಕರಿಂಗ್ ಕೆಲಸದಲ್ಲಿ ಮುಗಿಯುತ್ತದೆ. ಹೆದರಬೇಕಾದ ಜಾಗ ಬೇರೆ. ಒಂದು, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ. ಅದರ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳು ಮಣ್ಣಿನಿಂದ ಕಟ್ಟಿದರೆ ಒಳಗಿಂದಲೇ ಕೊಳೆಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಇನ್ನೊಂದು, ಮುಂದಿನ ಚಕ್ರದ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಹಿಡಿಯುವ ತೋಳು, ಅದರ ಬೋಲ್ಟ್ ಹಿಡಿಯುವ ಜಾಗ. ಮತ್ತೆ ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ತಗಡು. ಲೋವರ್ ಆರ್ಮಿನ ಬುಡ ಬಿಟ್ಟುಹೋದರೆ ಚಕ್ರವೇ ಜಾಗ ಬಿಡುತ್ತದೆ. ನಾಲ್ಕನೆಯದು ಅಡಿಯಲ್ಲಿ ಹಿಂದಕ್ಕೆ ಹೋಗುವ ಬ್ರೇಕ್ ಪೈಪು. ಕ್ಲಿಪ್ ಹಿಡಿದಲ್ಲಿ ಮಣ್ಣು ಕೂತು ಪೈಪು ಅಲ್ಲೇ ತೆಳ್ಳಗಾಗುತ್ತದೆ.

ಬದಿಯಡ್ಕದ ಕಾರಿನಲ್ಲಿ ಇದೆಲ್ಲದರ ಮೇಲೆ ಹೊಸ ಕರಿ ಅಂಡರ್‌ಕೋಟ್, ಅಂದರೆ ಅಡಿಗೆ ತುಕ್ಕು ಹಿಡಿಯದಂತೆ ಬಳಿಯುವ ಲೇಪ, ಇತ್ತು. "ಟ್ರೀಟ್‌ಮೆಂಟ್ ಆಗಿದೆ" ಅಂತ ಅದನ್ನೇ ಗುಣ ಎಂದು ಹೇಳಿ ಮಾರಿದ್ದರು. ಅಂಡರ್‌ಕೋಟ್ ಒಳ್ಳೆಯದೇ, ಹೊಸ ಕಾರಿಗೆ. ತುಕ್ಕು ತೆಗೆಯದೆ ಮೇಲೆ ಹೊಡೆದರೆ ತೇವ ಒಳಗೆ ಸಿಕ್ಕಿಬೀಳುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಒಂದು ಮಳೆಗಾಲದಲ್ಲಿ ತಗಡು ಹೋಗಿ ಬರೀ ಡಾಂಬರಿನ ಪೊರೆ ನಿಂತಿರುತ್ತದೆ. ಹದಿನಾಲ್ಕು ವರ್ಷದ ಕಾರಿನ ಅಡಿ ಕಾಡಿಗೆಯಂತೆ ಕಪ್ಪಗೆ ಮಿಂಚುತ್ತಿದ್ದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ. ಧೂಳು ಹಿಡಿದು ಅಲ್ಲಲ್ಲಿ ಕಂದು ಕಂಡರೆ ಕಡೆಪಕ್ಷ ಸತ್ಯ ಕಾಣುತ್ತಿದೆ.

ಪರೀಕ್ಷೆಗೆ ಸರ್ವಿಸ್ ಸ್ಟೇಶನ್ನಿನ ರ್‍ಯಾಂಪ್ ಮತ್ತು ಸ್ಕ್ರೂಡ್ರೈವರಿನ ಹಿಡಿ ಸಾಕು. ಹಿಡಿಯಿಂದ ಗಟ್ಟಿಯಾಗಿ ಕುಟ್ಟುತ್ತ ಹೋಗಿ. ಒಳ್ಳೆ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅಂದು ಒಳಗಿಂದ ತುಕ್ಕಿನ ಪುಡಿ ಉದುರಿಸುತ್ತದೆ. ಬಾಗಿಲಿನ ಕೆಳಗಿನ ಪೆಟ್ಟಿಗೆ ಭಾಗದ ಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ, ಹಿಡಿಯದೆ ಜಾರಿದಲ್ಲಿ ಪುಟ್ಟಿಯೋ ಫೈಬರೋ ತುಂಬಿದೆ. ಒಳಗೆ ಮುಂದಿನ ಮ್ಯಾಟ್ ಎತ್ತಿ, ಕೆಳಗಿನ ಸ್ಪಂಜನ್ನು ಅಂಗೈಯಿಂದ ಒತ್ತಿ. ಒದ್ದೆಯಾದರೆ ನೆಲ ಕೊಳೆಯುತ್ತಿದೆ ಎಂದೇ ಲೆಕ್ಕ.

ರಿಪೇರಿಯಲ್ಲೂ ಎರಡು ಬಗೆ. ಈ ಕಾರಿಗೆ ಮೊದಲು ಮಾಡಿದ್ದು ಅಗ್ಗದ ಬಗೆ: ತೂತಿನ ಮೇಲೆ ತಗಡಿನ ತುಂಡು ಇಟ್ಟು ರಿವಿಟ್ ಹೊಡೆದು ಪುಟ್ಟಿ ಮೆತ್ತಿ ಕರಿ ಬಳಿದದ್ದು. ಎರಡನೆಯ ತಪಾಸಣೆಯಲ್ಲಿ ಅದು ಕೈಯಲ್ಲಿ ಬಂತು. ಸರಿಯಾದ ಕೆಲಸವೆಂದರೆ ಕೊಳೆತದ್ದನ್ನು ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ತೆಗೆಯುವುದು, ಮೂಲದಷ್ಟೇ ದಪ್ಪದ ತಗಡನ್ನು ಅಳತೆಗೆ ಬಗ್ಗಿಸಿ ಸಿಒ2 ವೆಲ್ಡಿಂಗ್ ಮಾಡುವುದು, ಜಿಂಕ್ ಪ್ರೈಮರ್, ಸಂದಿಗೆ ಸೀಲರ್, ಆಮೇಲೆ ಅಂಡರ್‌ಕೋಟ್. ಕಡೆಗೆ ಪೆಟ್ಟಿಗೆ ಭಾಗದ ಒಳಕ್ಕೆ ಮೇಣದ ಸ್ಪ್ರೇ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು, ಕಾರ್ಪೆಟ್ ತೆಗೆಯಬೇಕು, ಪೆಟ್ರೋಲ್ ಪೈಪು ಎಲ್ಲಿ ಹೋಗುತ್ತದೆ ನೋಡಬೇಕು. ಇದಕ್ಕೆ ನಾಲ್ಕೈದು ದಿನ ಬೇಕು. ಒಂದು ದಿನದಲ್ಲಿ ಮಾಡಿಕೊಡುತ್ತೇನೆ ಅನ್ನುವವರು ರಿವಿಟ್ಟಿನವರು.

ಬ್ರೇಕಿನ ವಿಷಯ ಸಣ್ಣದು, ಆದರೆ ಇದರಿಂದಲೂ ಫೇಲ್ ಆಗುತ್ತದೆ. ನಿಂತೇ ಇದ್ದ ಕಾರುಗಳಲ್ಲಿ ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ಒಂದು ಕಡೆ ಹಿಡಿದುಕೊಂಡಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಸಿಲಿಂಡರ್ ಒಳಗಿಂದ ತುಕ್ಕಾಗುತ್ತದೆ. ಖಾಲಿ ರಸ್ತೆಯಲ್ಲಿ 30-40 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ಸಡಿಲ ಹಿಡಿದು ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಕೆಲಸ ಇದೆ. ಹ್ಯಾಂಡ್‌ಬ್ರೇಕ್ ಏರಿನಲ್ಲಿ ನಿಲ್ಲಿಸಲೇಬೇಕು. ಜ್ಯಾಕಿನಲ್ಲಿ ಎತ್ತಿ ಮುಂದಿನ ಚಕ್ರವನ್ನು ಎಡ-ಬಲ ಹಿಡಿದು ಅಲ್ಲಾಡಿಸಿ: ಲೊಡಲೊಡ ಅಂದರೆ ಸ್ಟಿಯರಿಂಗಿನ ಟೈ ರಾಡ್ ಎಂಡ್ ಸವೆದಿದೆ. ಮೇಲೆ-ಕೆಳಗೆ ಹಿಡಿದಾಗ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಟಯರಿನ ಗೆರೆ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು.

ಇನ್ನು ಹೊಗೆ. ಮಾರುವಾಗ ಕೊಟ್ಟ ಹೊಗೆ ಸರ್ಟಿಫಿಕೇಟನ್ನು ನೆಚ್ಚಬೇಡಿ, ನಿಮ್ಮ ಎದುರೇ ಇನ್ನೊಂದು ಮಾಡಿಸಿ, ಖರ್ಚು ಅಲ್ಪ. ಬಿಎಸ್-3 ಹೊಗೆ ಮಾನದಂಡದ ಪೆಟ್ರೋಲ್ ಕಾರಿಗೆ ಐಡಲಿಂಗಿನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 0.5 ಶೇಕಡಾ, ಎಚ್‌ಸಿ (ಉರಿಯದೆ ಉಳಿದ ಇಂಧನ) 750 ಪಿಪಿಎಂ ಮಿತಿ. ಬಿಎಸ್-4ಕ್ಕೆ 0.3 ಮತ್ತು 200. ಎಂಜಿನ್ ಬಿಸಿಯಾಗಿರಬೇಕು, ಹತ್ತು ಕಿ.ಮೀ. ಓಡಿಸಿಯೇ ಹೋಗಿ. ಈ ಕಾರಿನಲ್ಲಿ ಸಿಒ ಮಿತಿಗಿಂತ ಎಷ್ಟೋ ಮೇಲಿತ್ತು. ಪ್ಲಗ್, ಏರ್ ಫಿಲ್ಟರ್ ಬದಲಿಸಿದರೂ ಇಳಿಯಲಿಲ್ಲ. ಕಡೆಗೆ ನೋಡಿದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಚಿಪ್ಪು ಇತ್ತು, ತಿರುಳು ಇರಲಿಲ್ಲ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂಗೆ ಗುಜರಿಯಲ್ಲಿ ಒಳ್ಳೆ ಬೆಲೆ ಇರುವುದರಿಂದ ಯಾವುದೋ ಕೈಯಲ್ಲಿ ಖಾಲಿಯಾಗಿತ್ತು. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು ಬರುತ್ತದೆ. ಹೊಸದು ಹಾಕಿಸಿದ್ದಕ್ಕೆ 14,000 ಹೋಯಿತು.

ಕಾಗದದಲ್ಲಿ ಗಡಿಯ ಈಚೆಗಿನವರು ಎಡವುವುದು ಆಕ್ಷೇಪಣೆ ಇಲ್ಲ ಎಂಬ ಪತ್ರದಲ್ಲಿ, ಅಂದರೆ ಎನ್‌ಒಸಿಯಲ್ಲಿ. ಬೇರೆ ರಾಜ್ಯದ ಕಾರಿಗೆ ಹಳೆ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ಹಳೆ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ ಫಾರ್ಮ್ 35 ಕೊಟ್ಟು ತೆಗೆಸುವ ತನಕ ಅದು ಸಿಗುವುದಿಲ್ಲ. ಬ್ರೋಕರ್ ಕೈಯಲ್ಲಿರುವ ಸಹಿ ಹಾಕಿದ ಖಾಲಿ ಫಾರ್ಮ್ 29, 30ರ (ಹೆಸರು ಬದಲಾವಣೆಯ ಫಾರ್ಮುಗಳು) ಮೇಲೆ ದುಡ್ಡು ಕೊಡಬೇಡಿ, ಆರ್‌ಸಿಯಲ್ಲಿ ಹೆಸರಿರುವವರ ಜೊತೆ ಒಮ್ಮೆಯಾದರೂ ಮಾತಾಡಿ. ನವೀಕರಣಕ್ಕೆ ಫಾರ್ಮ್ 25, ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು. ಸ್ವಂತ ಕಾರಿನ ಫೀಸು 5,000 ರೂಪಾಯಿ, ತಡವಾದರೆ ತಿಂಗಳಿಗೆ 500. ಇದರ ಮೇಲೆ ಕೇರಳದ ಮುಂದಿನ ಐದು ವರ್ಷದ ತೆರಿಗೆ ಮತ್ತು ಹಸಿರು ತೆರಿಗೆ ಬೇರೆ. ಬೆಲೆ ಮಾತಾಡುವಾಗ ಇವನ್ನೆಲ್ಲ ಕೂಡಿಸಿಯೇ ಕೂತುಕೊಳ್ಳಿ. ಏಳು ತಿಂಗಳು ಧಾರಾಳ ಎಂದು ಅನ್ನಿಸುತ್ತದೆ, ಈ ಕಾರಿಗೆ ಸಾಲದ ನಮೂದು ಮತ್ತು ಚಾಸಿಸ್ ನಂಬರು ಎರಡರಲ್ಲೇ ಐದು ತಿಂಗಳು ಮುಗಿದಿತ್ತು.

ಹಾಗಾದರೆ ಇಂಥ ಕಾರು ಕೊಳ್ಳಲೇಬಾರದೇ? ಅಡಿ ಗಟ್ಟಿ ಇದ್ದರೆ ಕೊಳ್ಳಬಹುದು. 800 ಸಿಸಿಯ ಎಂಜಿನ್ನಿಗೆ ಬಿಡಿಭಾಗ ಕುಂಬಳೆಯಲ್ಲೂ ಸಿಗುತ್ತದೆ, ಮುಳ್ಳೇರಿಯದ ಮೆಕ್ಯಾನಿಕ್ಕಿಗೂ ಕೈವಶ. ಗೇರು ಸದ್ದು ಮಾಡಿದರೆ, ಕ್ಲಚ್ ಜಾರಿದರೆ, ಹೆಡ್‌ಲೈಟಿನ ಗಾಜು ಮಂಕಾದರೆ ಬೆಲೆ ಇಳಿಸಿ ತೆಗೆದುಕೊಳ್ಳಿ. ಲೋವರ್ ಆರ್ಮಿನ ಬುಡದಲ್ಲಿ ಸ್ಕ್ರೂಡ್ರೈವರ್ ಇಳಿದರೆ ಐವತ್ತು ಸಾವಿರಕ್ಕೂ ಬೇಡ. ರ್‍ಯಾಂಪಿಗೆ ಏರಿಸಲು ಒಪ್ಪದ ಬ್ರೋಕರಿಗೆ ಅಡ್ವಾನ್ಸ್ ಕೊಡಬೇಡಿ. "ನಿನ್ನೆಯಷ್ಟೇ ತೊಳೆದಿದ್ದೇವೆ, ಮತ್ತೆ ಯಾಕೆ" ಅನ್ನುವುದು ಅವರ ಹಳೆ ಮಾತು.

ಬದಿಯಡ್ಕದ ಕಾರು ಮೂರನೆಯ ಸಲ ಪಾಸಾಯಿತು. ಈಗ ಅದರ ಅಸಲು 1.86 ಲಕ್ಷ, ಮಾರಲು ಹೋದರೆ ಕೇಳುವವರು ಲಕ್ಷದಿಂದ ಮೇಲೇರುವುದಿಲ್ಲ. ಅದನ್ನು ಕೊಟ್ಟ ಶೆಡ್ಡಿನಲ್ಲಿ ಇನ್ನೆರಡು ಬಿಳಿ ಕಾರು ನಿಂತಿವೆ, ಎರಡೂ 2012ರವು, ಎರಡರ ಅಡಿಯೂ ಕಪ್ಪಗೆ ಮಿಂಚುತ್ತಿದೆ.