ಗ್ರೂಪ್ ಬೈ ವರದಿಗೆ ಯಾವುದು ವಾಸಿ: ಮೈಎಸ್‌ಕ್ಯೂಎಲ್ಲೋ, ಪೋಸ್ಟ್‌ಗ್ರೆಸ್ಸೋ?

ಎರಡೂ ಡೇಟಾಬೇಸ್‌ಗಳು; ಸಾಲುಗಳನ್ನು ಗುಂಪು ಮಾಡಿ ಲೆಕ್ಕ ತೆಗೆಯೋದು ಗ್ರೂಪ್ ಬೈ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೋಸ್ಟ್‌ಗ್ರೆಸ್‌ಗೆ. ಕನ್ನಡ ಪುಸ್ತಕಗಳ ಪಟ್ಟಿಯೊಂದನ್ನು ಎರಡರಲ್ಲೂ ತುಂಬಿಸಿ, ಅದೇ ವರದಿಗಳನ್ನು ತೆಗೆದು ನೋಡಿದೆ. ವೇಗದ ಮಾತು ಬೇಡ. ಇಷ್ಟು ಡೇಟಾಗೆ ಎರಡೂ ಧಾರಾಳವಾಗಿ ಸಾಕು.

ನನ್ನ ಮನಸ್ಸು ಬದಲಾಗಿದ್ದು ಗ್ರೂಪ್ ಕಾನ್‌ಕ್ಯಾಟ್‌ನಿಂದ, ಅಂದರೆ ಗುಂಪಿನ ಹೆಸರುಗಳನ್ನೆಲ್ಲ ಒಂದೇ ಸಾಲಿಗೆ ಜೋಡಿಸುವ ಮೈಎಸ್‌ಕ್ಯೂಎಲ್ ಫಂಕ್ಷನ್‌ನಿಂದ. ಒಬ್ಬೊಬ್ಬ ಲೇಖಕರ ಮುಂದೆ ಅವರ ಪುಸ್ತಕಗಳ ಹೆಸರೆಲ್ಲ ಕಾಮಾ ಹಾಕಿಕೊಂಡು ಒಂದೇ ಸಾಲಲ್ಲಿ ಬರಬೇಕಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ ಜಾಸ್ತಿ ಬರೆದವರ ಪಟ್ಟಿ ಅರ್ಧಕ್ಕೇ ನಿಂತಿತು. ಎರರ್ ಇಲ್ಲ. ಒಂದು ವಾರ್ನಿಂಗ್ ಇರುತ್ತದೆ ನಿಜ, ಆದರೆ ಕ್ವೆರಿ ಆ್ಯಪ್ ಒಳಗಿಂದ ಓಡುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರಣ ‘ಗ್ರೂಪ್ ಕಾನ್‌ಕ್ಯಾಟ್ ಮ್ಯಾಕ್ಸ್ ಲೆನ್’ ಅನ್ನುವ ಸೆಟ್ಟಿಂಗ್. ಅದರ ಡೀಫಾಲ್ಟ್ 1024. ಇದು ಅಕ್ಷರದ ಲೆಕ್ಕ ಅಲ್ಲ, ಬೈಟ್ ಲೆಕ್ಕ. ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಯೂನಿಕೋಡ್‌ನ ಒಂದೊಂದು ಚಿಹ್ನೆಗೂ) 3 ಬೇಕು. ‘ಕ್ಷ’ ಒಂದಕ್ಕೇ ಕ, ಹಲಂತ, ಷ ಸೇರಿ 9 ಬೈಟ್. ಹಾಗಾಗಿ ಇಂಗ್ಲಿಷ್‌ನ 1024 ಅಕ್ಷರ ಹಿಡಿಸುವ ಜಾಗದಲ್ಲಿ ನಮ್ಮವು 341 ಕೋಡ್‌ಪಾಯಿಂಟ್ ಅಷ್ಟೇ. ಒತ್ತು, ಗುಣಿತಗಳೂ ಇದರಲ್ಲೇ ಬರಬೇಕು. ಸುಮ್ನೆ ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ.

ಮಿತಿ ಏರಿಸಬಹುದು. ಸರ್ವರ್ ಕಾನ್ಫಿಗ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಪ್ರತಿ ಕನೆಕ್ಷನ್‌ಗೂ ನೆನಪಿಟ್ಟು ಏರಿಸಬೇಕು. ಇದೇ ಕೆಲಸ ಮಾಡುವ ಪೋಸ್ಟ್‌ಗ್ರೆಸ್‌ನ ಸ್ಟ್ರಿಂಗ್ ಆಗ್‌ಗೆ ಇಂಥ ಸೆಟ್ಟಿಂಗೇ ಇಲ್ಲ, ಪಟ್ಟಿ ಪೂರ್ತಿ ಬಂತು.

ಗ್ರೂಪ್ ಬೈನಲ್ಲಿಲ್ಲದ ಕಾಲಂ, ಎಣಿಕೆ ಮೊತ್ತ ಏನೂ ಇಲ್ಲದೆ ಸೆಲೆಕ್ಟ್‌ನಲ್ಲಿ ಹಾಗೇ ಇದ್ದರೆ ಪೋಸ್ಟ್‌ಗ್ರೆಸ್ ಎರರ್ ಕೊಟ್ಟು ನಿಲ್ಲಿಸುತ್ತದೆ. ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಮೇಲೆ ಗ್ರೂಪ್ ಮಾಡಿದ್ದರೆ ಮಾತ್ರ ಆ ಟೇಬಲ್‌ನ ಉಳಿದ ಕಾಲಂಗಳನ್ನು ಒಪ್ಪುತ್ತದೆ. 2015ರಲ್ಲಿ ಬಂದ 5.7ರಿಂದ ಮೈಎಸ್‌ಕ್ಯೂಎಲ್ ಕೂಡ ಡೀಫಾಲ್ಟ್ ಆಗಿ ಹೀಗೇ ನಿಲ್ಲಿಸುತ್ತದೆ. ಆದರೆ ಹಳೆಯ ಕೋಡ್ ಓಡಲಿ ಅಂತ ಹೀಗೆ ತಡೆಯುವ ಮೋಡ್ ಆಫ್ ಮಾಡಿಟ್ಟ ಸರ್ವರ್‌ಗಳಿವೆ. ಅಲ್ಲಿ ಗುಂಪಿನ ಯಾವುದೋ ಒಂದು ಸಾಲಿನ ಮೌಲ್ಯ ಬಂದು ಕೂರುತ್ತದೆ. ಅಂಥ ವರದಿಯನ್ನು ನಂಬೋದು ಹೇಗೆ?

ಷರತ್ತು ಹಾಕಿ ಎಣಿಸೋಕೆ ಪೋಸ್ಟ್‌ಗ್ರೆಸ್‌ನಲ್ಲಿ ಫಿಲ್ಟರ್ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಸಮ್ ಒಳಗೆ ಕೇಸ್ ಬರೆಯಬೇಕು. ಗುಂಪುಗಳ ಜೊತೆ ಒಟ್ಟು ಮೊತ್ತದ ಸಾಲನ್ನೂ ಕೊಡುವ ರೋಲಪ್ ಎರಡರಲ್ಲೂ ಉಂಟು.

ಮೈಎಸ್‌ಕ್ಯೂಎಲ್ ಪರವಾಗಿ ಒಂದು ಮಾತು: ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸುಲಭವಾಗಿ ಸಿಗೋದು ಅದೇ. ನಾನು ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟು ಸಣ್ಣ ವಿಪಿಎಸ್ (ಬೇಕಾದ್ದು ಹಾಕಿಕೊಳ್ಳಬಹುದಾದ ಬಾಡಿಗೆ ಸರ್ವರ್) ತೆಗೆದುಕೊಂಡೆ, ಯಾಕೆಂದರೆ ನನ್ನ ಕೆಲಸವೆಲ್ಲ ಕನ್ನಡ ಪಠ್ಯದ್ದೇ. ನಿಮ್ಮದು ಬರೀ ಅಂಕಿಗಳ ಲೆಕ್ಕವಾದರೆ ಆ ಖರ್ಚು ಬೇಕಾಗಲ್ಲ.