ಚಿನ್ಮುದ್ರೆಯೋ, ಧ್ಯಾನಮುದ್ರೆಯೋ?

ಧ್ಯಾನಕ್ಕೆ ಕೂತಾಗ ಕೈ ಹೇಗಿಡಬೇಕು? ಚಿನ್ಮುದ್ರೆ ಕಲಿಯಲು ಸುಲಭ. ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ, ಅಂಗೈ ಮೇಲ್ಮುಖವಾಗಿ ತೊಡೆಯ ಮೇಲಿಟ್ಟರೆ ಆಯಿತು. ದಕ್ಷಿಣಾಮೂರ್ತಿಯ ಕೈಯಲ್ಲೂ ಕಾಣುವ ಮುದ್ರೆ ಇದು. ತೋರುಬೆರಳು ಜೀವ, ಹೆಬ್ಬೆರಳು ಪರಮಾತ್ಮ ಅನ್ನುತ್ತಾರೆ.

ಧ್ಯಾನಮುದ್ರೆಯಲ್ಲಿ ಎಡ ಅಂಗೈ ಮೇಲೆ ಬಲ ಅಂಗೈ, ಎರಡೂ ಮಡಿಲಲ್ಲಿ. ಕುಳಿತ ಬುದ್ಧ, ತೀರ್ಥಂಕರರ ಮೂರ್ತಿಗಳಲ್ಲಿ ನೋಡಿರುತ್ತೀರಿ ಅಲ್ವಾ? ಜಪಾನಿನ ಝೆನ್ ಬೌದ್ಧ ಪದ್ಧತಿಯಲ್ಲಿ ಬಲಗೈಯ ಮೇಲೆ ಎಡಗೈ ಬರುತ್ತದೆ, ಹೆಬ್ಬೆರಳ ತುದಿಗಳು ಹಗುರವಾಗಿ ತಾಗಿರುತ್ತವೆ. ನನಗೆ ಇದೇ ಹೆಚ್ಚು ಇಷ್ಟ. ತೂಕಡಿಕೆ ಬಂದರೆ ಹೆಬ್ಬೆರಳುಗಳು ಕುಸಿಯುತ್ತವೆ. ಮನಸ್ಸು ಬಿಗಿಯಾದರೆ ಒಂದನ್ನೊಂದು ಒತ್ತಿ ಮೇಲೇಳುತ್ತವೆ. ಕಣ್ಣು ಮುಚ್ಚಿದ್ದರೂ ಕೈ ಎಚ್ಚರಿಸುತ್ತದೆ!

ನಿದ್ದೆ ಕಾಟ ಜಾಸ್ತಿ ಇರುವವರು ಝೆನ್ ರೀತಿ ಹಿಡಿಯಿರಿ. ಕುರ್ಚಿಯಲ್ಲಿ ಕೂರುವವರಿಗೆ ಚಿನ್ಮುದ್ರೆ ಆರಾಮ. ತೋಳಿನ ಭಾರವೆಲ್ಲ ತೊಡೆಯ ಮೇಲೆ ಇಳಿಯುತ್ತದೆ. ಬೆರಳು ಮಾತ್ರ ಒತ್ತಬೇಡಿ, ಸುಮ್ನೆ ತಾಗಿಸಿ.