ಕೋವಿಯ ಹಿಡಿಗೆ ಯಾವ ಬಿಲ್ಲೆ? ಹಿತ್ತಾಳೆ, ಬೀಟೆ, ಎಮ್ಮೆ ಕೊಂಬು

ಕೋವಿಯ ಮರದ ಭಾಗವಾದ ಸ್ಟಾಕ್‌ನಲ್ಲಿ ಹಿಡಿ ಬಾಗಿ ಕೆಳಗೆ ಮುಗಿಯುವ ಜಾಗವಿದೆಯಲ್ಲ, ಅಲ್ಲಿ ಮೊಟ್ಟೆಯಾಕಾರದ ಒಂದು ಬಿಲ್ಲೆ ಕೂರುತ್ತದೆ. ಅದೇ ಗ್ರಿಪ್ ಕ್ಯಾಪ್. ಅದಿಲ್ಲದಿದ್ದರೂ ಗುಂಡು ಹಾರುತ್ತದೆ, ನಿಜ. ಆದರೆ ಆ ತುದಿಯಲ್ಲಿ ಮರದ ಎಳೆ ಕತ್ತರಿಸಿ ಬಾಯಿ ತೆರೆದಿರುತ್ತದೆ. ನೀರು ಹೀರುವುದೂ ಅಲ್ಲೇ, ಚಕ್ಕೆ ಏಳುವುದೂ ಅಲ್ಲೇ. ಹಾಗಾಗಿ ಬಿಲ್ಲೆ ಬರೀ ಅಂದಕ್ಕಲ್ಲ.

ನಮ್ಮ ಮನೆಯ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿಗೆ ಮೊದಲಿದ್ದದ್ದು ಪ್ಲಾಸ್ಟಿಕ್ ಬಿಲ್ಲೆ. ಅದು ಒಡೆದ ಮೇಲೆ ಹಿತ್ತಾಳೆ, ಬೀಟೆ, ಎಮ್ಮೆ ಕೊಂಬು ಮೂರನ್ನೂ ಕೈಯಲ್ಲೇ ಮಾಡಿ ಹಾಕಿ ನೋಡಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋವಿ ರಿಪೇರಿ ಯಾರು ಬೇಕಾದರೂ ಮಾಡುವ ಕೆಲಸವಲ್ಲ, ಅದಕ್ಕೂ ಲೈಸೆನ್ಸ್ ಬೇಕು. ಆಯುಧ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕೊಡವರಿಗೂ ಕೊಡಗಿನ ಜಮ್ಮಾ ಎಂಬ ಪರಂಪರೆಯ ಭೂಮಿಯ ಹಿಡುವಳಿದಾರರಿಗೂ ಸಿಗುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬಿಚ್ಚಿ ಕೆಲಸ ಮಾಡುವುದಕ್ಕಲ್ಲ. ಲೈಸೆನ್ಸ್ ಇರುವ ಕೆಲಸಗಾರರ ಹತ್ತಿರ ಸ್ಟಾಕ್ ಬಿಚ್ಚಿಸಿಕೊಂಡು, ಮರ ಮತ್ತು ಬಿಲ್ಲೆಯ ಕೆಲಸವನ್ನಷ್ಟೇ ಅವರೆದುರಿಗೇ ಮಾಡಿದೆ.

ಹಿತ್ತಾಳೆಯದ್ದು ಬೇಗ ಮುಗಿಸಬಹುದು. ತಗಡು ಕತ್ತರಿಸಿ, ಅರ ಹಾಕಿ, ಉಜ್ಜಿದರೆ ಬಿಲ್ಲೆ ಸಿದ್ಧ. ಮೊದಲ ದಿನ ಮದುವೆಮನೆಯ ದೀಪದ ಹಾಗೆ ಹೊಳೆಯಿತು. ಮಳೆ ಹಿಡಿದ ಮೇಲೆ ಅಂಚಿನಲ್ಲಿ ಹಸಿರು ಕಿಲುಬು ಕಾಣಿಸಿಕೊಂಡಿತು, ಆ ಹಸಿರು ಪಕ್ಕದ ಮರಕ್ಕೂ ಇಳಿಯಿತು. ಭಾರವೂ ಇದೆ. 45 ಮಿ.ಮೀ. ಉದ್ದ, 35 ಮಿ.ಮೀ. ಅಗಲದ ಬಿಲ್ಲೆ ಬರೀ 3 ಮಿ.ಮೀ. ದಪ್ಪ ಇದ್ದರೂ ಸುಮಾರು 30 ಗ್ರಾಂ ತೂಗುತ್ತದೆ. ಅದೇ ಅಳತೆಯಲ್ಲಿ 6 ಮಿ.ಮೀ. ದಪ್ಪದ ಕೊಂಬಿನ ಬಿಲ್ಲೆ 10 ಗ್ರಾಂ ದಾಟುವುದಿಲ್ಲ. ಇಂಗ್ಲೆಂಡಿನ ಹಳೆಯ ರೈಫಲ್‌ಗಳಲ್ಲಿ ಲೋಹದ ಬಿಲ್ಲೆ ಹಾಕುತ್ತಿದ್ದದ್ದಕ್ಕೆ ಬೇರೆ ಕಾರಣವಿತ್ತು. ಕೆಲವದರಲ್ಲಿ ಬಿಲ್ಲೆಗೇ ಒಂದು ಪುಟ್ಟ ಮುಚ್ಚಳ ಇಟ್ಟು, ಒಳಗೆ ಗುರಿಕಣ್ಣಿನ ಬಿಡಿಭಾಗ ಇಡುತ್ತಿದ್ದರು. ನಮಗೆ ಅದರ ಗೊಡವೆ ಇಲ್ಲವಲ್ಲ, ಹಾಗಾಗಿ ಲೋಹ ಸುಮ್ನೆ ಹೊರೆ.

ಬೀಟೆ ನನಗೆ ಬಹಳ ಇಷ್ಟದ ಮರ. ಹೊಸದಾಗಿ ಕಡಿದ ಬೀಟೆಗೆ ಕಾಗದಪತ್ರದ ತಲೆನೋವು ಇದ್ದದ್ದೇ, ಆದರೆ ಹಳೇ ಮಂಚದ ಕಾಲಿನ ತುಂಡು ಇಷ್ಟು ಸಣ್ಣ ಕೆಲಸಕ್ಕೆ ಧಾರಾಳ ಸಾಕು. ಅರಕ್ಕೆ ಚೆನ್ನಾಗಿ ಒಗ್ಗುತ್ತದೆ, ಉಜ್ಜುವಾಗ ಒಳ್ಳೆಯ ವಾಸನೆ. ಮರದಲ್ಲೇ ಎಣ್ಣೆ ಇರುವುದರಿಂದ ಅಂಟಿಸುವ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ತೊಂದರೆ ಎರಡು ಕಂಡೆ. ಒಂದು, ವಾಲ್‌ನಟ್ ಸ್ಟಾಕ್‌ನ ಕಂದು ಬಣ್ಣದ ಪಕ್ಕ ಬೀಟೆಯ ಕಂದು ಎದ್ದು ಕಾಣುವುದಿಲ್ಲ. ದೂರದಿಂದ ನೋಡಿದರೆ ಬಿಲ್ಲೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ಇನ್ನೊಂದು ಅಂಚಿನದ್ದು. ಬಿಲ್ಲೆಯ ಅಂಚನ್ನು 2 ಮಿ.ಮೀ.ಗೆ ತಂದರೆ, ಜೀಪಿನ ಬಾಗಿಲಿಗೆ ಒಮ್ಮೆ ತಾಗಿದರೂ ಸಾಕು, ಎಳೆಯುದ್ದಕ್ಕೆ ಚಕ್ಕೆ ಹಾರುತ್ತದೆ. ಅಂಚು ದಪ್ಪ ಬಿಟ್ಟರೆ ನೋಡಲು ಒರಟು.

ಈಗ ಕೊಂಬು. ಇಲ್ಲಿ ಎಮ್ಮೆ ಅಥವಾ ಕೋಣದ ಕೊಂಬು ಮಾತ್ರ. ಕಡವೆ, ಜಿಂಕೆ, ಕಾಟಿಯ ಕೊಂಬು ತೋಟದಲ್ಲಿ ಬಿದ್ದು ಸಿಕ್ಕಿದ್ದಾದರೂ ಮುಟ್ಟಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಅದರ ಅಗತ್ಯವೂ ಇಲ್ಲ. ಜರ್ಮನಿ, ಆಸ್ಟ್ರಿಯಾದ ಒಳ್ಳೊಳ್ಳೆಯ ಬೇಟೆ ಕೋವಿಗಳಲ್ಲಿ ಬಿಲ್ಲೆಯಷ್ಟೇ ಅಲ್ಲ, ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಕೂಡ ಎಮ್ಮೆ ಕೊಂಬಿನದ್ದೇ ಇರುತ್ತಿತ್ತು.

ಕೊಂಬಿನಲ್ಲೇ ಎರಡು ದಾರಿ. ಚಾಕುವಿನ ಹಿಡಿಗೆಂದು ಮಾರುವ ಚಪ್ಪಟೆ ಹಲಗೆ ತರುವುದು ಒಂದು. ಇಡೀ ಕೊಂಬು ತಂದು ತುದಿಯ ಗಟ್ಟಿ ಭಾಗದಿಂದ ಕೊಯ್ದುಕೊಳ್ಳುವುದು ಇನ್ನೊಂದು. ಹಲಗೆ ನೋಡಲು ಅಂದ, ಕೆಲಸವೂ ಕಡಿಮೆ. ಆದರೆ ಅದು ಕೊಂಬಿನ ಟೊಳ್ಳು ಭಾಗವನ್ನು ಬಿಸಿ ಮಾಡಿ, ಒತ್ತಿ, ಚಪ್ಪಟೆ ಮಾಡಿದ್ದು. ಕೊಂಬು ಅಂದರೆ ನಮ್ಮ ಉಗುರು, ಕೂದಲಿನ ಜಾತಿಯದ್ದೇ ವಸ್ತು, ಬಿಸಿಗೆ ಬಗ್ಗುತ್ತದೆ. ಹಾಗೆಯೇ ಶಾಖ, ತೇವ ಸಿಕ್ಕಿದರೆ ಹಳೆಯ ಬಾಗಿಗೆ ಮರಳಲು ನೋಡುತ್ತದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ತೇವಕ್ಕೇನು ಬರ? ನನ್ನ ಹಲಗೆ ಬಿಲ್ಲೆಯ ಎರಡು ತುದಿಯೂ ಕೂದಲೆಳೆಯಷ್ಟು ಎದ್ದವು. ಉಗುರು ಆಡಿಸಿದರೆ ತಿಳಿಯುತ್ತಿತ್ತು. ಒಣ ಊರಿನವರಿಗೆ ಹಲಗೆ ನಡೆಯಬಹುದು, ನಮಗಲ್ಲ.

ಗಟ್ಟಿ ತುದಿಯಲ್ಲಿ ಕೊಯ್ಯುವ ದಿಕ್ಕು ಮುಖ್ಯ. ಅಡ್ಡಕ್ಕೆ ಕೊಯ್ದರೆ ಕಪ್ಪು ಬಹಳ ಆಳವಾಗಿ ಹೊಳೆಯುತ್ತದೆ, ಆದರೆ ಕೊಂಬಿನ ಪದರಗಳು ಬಳೆಬಳೆಯಾಗಿ ಕಾಣುತ್ತವೆ, ಆ ಬಳೆಗುಂಟ ಬಿರುಕು ಬರುವ ಭಯ. ಉದ್ದಕ್ಕೆ ಕೊಯ್ದದ್ದು ಎಲ್ಲಕ್ಕಿಂತ ಗಟ್ಟಿ. ಅಗಲ ಸಾಲದಿದ್ದರೆ ಓರೆ ಕೊಯ್ತ ಇದೆ. 35 ಮಿ.ಮೀ. ದಪ್ಪ ಇರುವಲ್ಲಿ ಅಡ್ಡ ಕೊಯ್ತದಿಂದ ಸುಮಾರು 40 ಡಿಗ್ರಿ ವಾಲಿಸಿ ಕೊಯ್ದರೆ 45 ಮಿ.ಮೀ. ಉದ್ದದ ಅಂಡಾಕಾರ ತಾನಾಗಿಯೇ ಸಿಗುತ್ತದೆ. ನಾನು ಉಳಿಸಿಕೊಂಡದ್ದು ಉದ್ದ ಕೊಯ್ತದ್ದನ್ನೇ. ಒಂದು ಬದಿಯಲ್ಲಿ ಹಾಲುಬಣ್ಣದ ಸಣ್ಣ ಗೆರೆ ಓಡಿದೆ, ಅದನ್ನು ಹಿಡಿಯ ಮುಂಭಾಗಕ್ಕೆ ಬರುವ ಹಾಗೆ ಇಟ್ಟೆ. ಕೊಯ್ದ ಬಿಲ್ಲೆಯನ್ನು ಕೂಡಲೇ ಬಳಸಬಾರದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಬೇಕು. ಒಲೆ ಮೇಲಿನ ಅಟ್ಟ ಬೇಡ, ಒಂದೇ ಸಮನೆ ಬಿಸಿ ತಾಗಿದರೆ ಸೀಳುತ್ತದೆ.

ಆಕಾರ ಕೊಡುವುದಕ್ಕೆ ಕೈಗೆಲಸವೇ ವಾಸಿ. ಮೆಷಿನ್‌ಗೆ ಹಿಡಿದರೆ ಕೊಂಬು ಕಾದು ಮೆತ್ತಗಾಗುತ್ತದೆ, ಜೊತೆಗೆ ಕೂದಲು ಸುಟ್ಟ ನಾತ. ಮನೆಯವರು ನನ್ನನ್ನು ಅಂಗಳಕ್ಕೆ ಓಡಿಸಿದ್ದು ಅದಕ್ಕೇ. ಧೂಳೂ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ರಟ್ಟಿನ ಅಚ್ಚು ಇಟ್ಟು ಗೆರೆ ಎಳೆದು, ಗೆರೆಯ ಹೊರಗೆ ಒಂದೆರಡು ಮಿ.ಮೀ. ಬಿಟ್ಟು ಗರಗಸ ಹಾಕಬೇಕು. ಅಷ್ಟಾದ ಮೇಲೆ ಅರ. ನಡುವೆ 6 ಮಿ.ಮೀ. ದಪ್ಪ ಉಳಿಸಿ ಅಂಚಿಗೆ ಹೋಗುತ್ತ ಸಣ್ಣ ಗುಮ್ಮಟದ ಹಾಗೆ ಇಳಿಸಿದೆ. ಅರದ ಗೀರು ತೆಗೆಯಲು ಗಾಜಿನ ಚೂರಿಗಿಂತ ಒಳ್ಳೆಯ ಸಾಮಾನು ಇಲ್ಲ. ತೆಳುವಾದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ.

ಅಸಲು ಕೆಲಸ ಕೂರಿಸುವುದರಲ್ಲಿದೆ. ಬಿಲ್ಲೆ ಎಷ್ಟೇ ಚೆನ್ನಾಗಿರಲಿ, ಮರಕ್ಕೂ ಅದಕ್ಕೂ ನಡುವೆ ಬೆಳಕು ಕಂಡರೆ ಮುಗಿಯಿತು. ಹಿಡಿಯ ತುದಿಯನ್ನು ಮೊದಲು ಸಮತಟ್ಟು ಮಾಡಿ, ನಡುಭಾಗವನ್ನು ಉಳಿಯಿಂದ ಸ್ವಲ್ಪವೇ ತಗ್ಗಿಸಬೇಕು. ಆಗ ಅಂಚು ಮಾತ್ರ ಮರಕ್ಕೆ ತಾಗಿ ಬಿಗಿಯಾಗಿ ಮುಚ್ಚುತ್ತದೆ. ಎಲ್ಲಿ ತಾಗುತ್ತಿದೆ ಅಂತ ತಿಳಿಯಲು ಹರಳೆಣ್ಣೆ ದೀಪದ ಮಸಿ ಸಾಕು. ಬಿಲ್ಲೆಯ ತಳಕ್ಕೆ ತೆಳ್ಳಗೆ ಸವರಿ, ಒತ್ತಿ, ತೆಗೆದು ನೋಡಿ. ಮರದಲ್ಲಿ ಕಪ್ಪು ಚುಕ್ಕೆ ಬಿದ್ದ ಜಾಗ ಉಬ್ಬು. ಅಷ್ಟನ್ನೇ ಕೆರೆಯಿರಿ, ಮತ್ತೆ ಒತ್ತಿ. ಸುತ್ತಲೂ ಮುರಿಯದ ಕಪ್ಪು ಗೆರೆ ಬರುವ ತನಕ ಇದೇ ಆಟ. ಹಿತ್ತಾಳೆಗೂ ಬೀಟೆಗೂ ಇಷ್ಟೇ ಶ್ರಮ ಬೇಕು, ಆದರೆ ಕೊಂಬಿನ ಕಪ್ಪಿನ ಪಕ್ಕ ಸಂದು ಬೇಗ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಮೋಸ, ಆದರೂ ಲಾಭವೇ ಅಲ್ವಾ?

ಅಂಟೋ ಸ್ಕ್ರೂವೋ? ಮರಕ್ಕೆ ಹಾಕುವ ಬಿಳಿ ಗೋಂದು ಕೊಂಬಿಗೆ ಹಿಡಿಯುವುದೇ ಇಲ್ಲ. ಅರಾಲ್ಡೈಟ್ ಹಿಡಿಯುತ್ತದೆ, ತಳವನ್ನು ಒರಟು ಉಪ್ಪುಕಾಗದದಲ್ಲಿ ಗೀರಿ, ಅಸಿಟೋನ್‌ನಲ್ಲಿ ಒರೆಸಿದ್ದರೆ. ಆದರೂ ಬರೀ ಅಂಟನ್ನು ನಾನು ನಂಬುವುದಿಲ್ಲ. ಕೊಂಬು ಹಿಗ್ಗುವುದು ಬೇರೆ, ಮರ ಹಿಗ್ಗುವುದು ಬೇರೆ. ನಡುವೆ ಒಂದು ಸ್ಕ್ರೂ ಇದ್ದರೆ ಅಂಟು ಸೋತರೂ ಬಿಲ್ಲೆ ತೋಟದಲ್ಲಿ ಕಳೆದುಹೋಗುವುದಿಲ್ಲ. ತೂತನ್ನು ಮೊದಲೇ ಸರಿಯಾದ ಅಳತೆಗೆ ಕೊರೆದು, ಸ್ಕ್ರೂಗೆ ಮೇಣ ಸವರಿ ಮೆಲ್ಲಗೆ ತಿರುಗಿಸಿ. ಜೋರು ಮಾಡಿದರೆ ಸ್ಕ್ರೂ ತಲೆ ಆಪಿನ ಹಾಗೆ ಕೊಂಬನ್ನು ಸೀಳುತ್ತದೆ. ಕೊನೆಗೆ ತಲೆಯ ಗೀಟು ನಳಿಗೆಯ ದಿಕ್ಕಿಗೇ ನಿಲ್ಲಬೇಕು. ಓರೆ ನಿಂತರೆ ಗುಂಡಿಗೇನೂ ಆಗದು, ಗೊತ್ತಿದ್ದವರ ಕಣ್ಣಿಗೆ ಮಾತ್ರ ಚುಚ್ಚುತ್ತದೆ.

ಬಿಲ್ಲೆಯ ಹೊರ ಅಂಚನ್ನು ಮರದ ಮಟ್ಟಕ್ಕೆ ತರುವುದು ಅಂಟು ಒಣಗಿದ ಮೇಲೆ. ಚೆಕರಿಂಗ್ (ಹಿಡಿಯ ಮೇಲೆ ಕೊರೆದ ಚೌಕುಳಿ ಗೀರು) ಮೇಲೆ ಟೇಪ್ ಸುತ್ತಿ, ಮರವನ್ನೂ ಕೊಂಬನ್ನೂ ಸೇರಿಸಿಯೇ ಉಜ್ಜಿ. ಕೊಂಬಿಗಿಂತ ಮರ ಬೇಗ ಸವೆಯುತ್ತದೆ, ಹಾಗಾಗಿ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳಬೇಕು. ಬರಿಬೆರಳಲ್ಲಿ ಉಜ್ಜಿದರೆ ಮರದಲ್ಲಿ ತಗ್ಗು ಬೀಳುತ್ತದೆ. 220 ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 400, 600, ಆಮೇಲೆ 1000ದ ವಾಟರ್ ಪೇಪರ್. ಕೊನೆಗೆ ಲೋಹಕ್ಕೆ ಹಾಕುವ ಪಾಲಿಶನ್ನೇ ಹಳೇ ಪಂಚೆಯ ತುಂಡಿಗೆ ಹಚ್ಚಿ ತಿಕ್ಕಿದೆ, ಅದು ಮರಕ್ಕೆ ತಾಗದ ಹಾಗೆ.

ಕೊಂಬಿಗೂ ಒಂದು ಶತ್ರು ಇದೆ. ಉಣ್ಣೆ, ಚರ್ಮ ತಿನ್ನುವ ಪುಟ್ಟ ಜೀರುಂಡೆಯ ಮರಿಗಳು ಇದನ್ನೂ ಬಿಡುವುದಿಲ್ಲ. ಕತ್ತಲ ಮೂಲೆಯಲ್ಲಿ ಕೈ ತಾಗದೆ ಇಟ್ಟ ಕೋವಿಗೇ ಅಪಾಯ ಜಾಸ್ತಿ. ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ ಒರೆಸಿ, ತೋಕ್ ಪೂ ಎಂಬ ಹೂ ಸಿಕ್ಕಿಸುವ ಮೊದಲು ನಳಿಗೆಗೆ ಹೇಗೂ ಎಣ್ಣೆ ಹಾಕುತ್ತೀರಿ. ಬಿಲ್ಲೆಗೂ ಒಂದು ತೊಟ್ಟು ಸವರಿ, ಅಂಚಿನಲ್ಲಿ ಪುಡಿ ಉದುರಿದೆಯಾ ನೋಡಿ.

ನಿಮ್ಮ ಕೋವಿ ಅಜ್ಜನ ಕಾಲದ್ದಾಗಿದ್ದು ಮೂಲ ಬಿಲ್ಲೆ ಇನ್ನೂ ಗಟ್ಟಿಯಿದ್ದರೆ ಅದನ್ನು ಕೀಳಬೇಡಿ. ಒಡೆದಿದ್ದರೂ ಎಸೆಯಬೇಡಿ, ಅದರ ಸ್ಕ್ರೂ ಸಮೇತ ಡಬ್ಬಿಯಲ್ಲಿಡಿ. ಹೊಸ ಬಿಲ್ಲೆಗೆ ಅಚ್ಚು ಅದೇ, ತೂತಿನ ಜಾಗವೂ ಅದರಲ್ಲೇ ಇದೆ.